ಗ್ರಿಮ್‌ರಾಕ್ ಆಟ ತೆರೆಯುತ್ತಿಲ್ಲವೇ, ತಡವರಿಸುತ್ತಿದೆಯೇ: ದೋಷ ನಿವಾರಣೆ ಕೈಪಿಡಿ

‘ಲೆಜೆಂಡ್ ಆಫ್ ಗ್ರಿಮ್‌ರಾಕ್’ 2012ರ ಏಪ್ರಿಲ್‌ನಲ್ಲಿ ಬಂದ ಆಟ. ಮಾಡಿದ್ದು ಫಿನ್ಲೆಂಡಿನ ಆಲ್ಮೋಸ್ಟ್ ಹ್ಯೂಮನ್ ಎಂಬ ಪುಟ್ಟ ತಂಡ. ನಾಲ್ವರು ಕೈದಿಗಳನ್ನು ಬೆಟ್ಟದ ತುದಿಯಿಂದ ಒಳಗಿನ ಕತ್ತಲ ಕೋಣೆಗಳಿಗೆ ತಳ್ಳುತ್ತಾರೆ, ಅವರು ಒಂದೊಂದೇ ಚೌಕ ದಾಟುತ್ತಾ ಕೆಳಗಿಳಿಯಬೇಕು. 1987ರಲ್ಲಿ ಅಟಾರಿ ಎಸ್‌ಟಿ ಗಣಕಕ್ಕೆ ಬಂದ ‘ಡಂಜನ್ ಮಾಸ್ಟರ್’ ಹಾಕಿಕೊಟ್ಟ ದಾರಿ ಇದು. ನಡಿಗೆ ಹಳೆಯದಾದರೂ ಚಿತ್ರ ಹಳೆಯದಲ್ಲ. ಪಂಜಿನ ಬೆಳಕು, ಗೋಡೆಯ ಮೇಲೆ ಅಲುಗುವ ನೆರಳು, ಮೂಲೆಗಳ ಕಪ್ಪು ಛಾಯೆ ಎಲ್ಲವನ್ನೂ ಗ್ರಾಫಿಕ್ಸ್ ಚಿಪ್ ಆಟದ ನಡುವೆಯೇ ಲೆಕ್ಕ ಹಾಕಿ ಬಿಡಿಸುತ್ತದೆ. ‘ಹಳೇ ಕಾಲದ ಆಟ ತಾನೇ, ಯಾವ ಡಬ್ಬಾದಲ್ಲಾದರೂ ನಡೆಯುತ್ತೆ’ ಎಂದುಕೊಂಡವರು ಎಡವುವುದು ಇಲ್ಲೇ. ಇದರ ತಿರುವುಮುರುವೂ ಉಂಟು. ಹೊಚ್ಚಹೊಸ ಲ್ಯಾಪ್‌ಟಾಪ್‌ನಲ್ಲಿ ಆಟ ತೆರೆಯದಿದ್ದಾಗ ಕಾರಣ ಶಕ್ತಿಯ ಕೊರತೆಯಾಗಿರುವುದು ತೀರಾ ಅಪರೂಪ. 2012ರ ಆಟ ಬಯಸುವ ಯಾವುದೋ ಸಣ್ಣ ವಸ್ತು ಈಗಿನ ವಿಂಡೋಸ್‌ನಲ್ಲಿ ಇಲ್ಲ, ಅಥವಾ ಬೇರೆ ಜಾಗದಲ್ಲಿದೆ, ಅಷ್ಟೇ.

ಪಟ್ಟಿಯನ್ನು ಓದುವ ಬಗೆ

ಕನಿಷ್ಠ ಅಗತ್ಯಗಳ ಪಟ್ಟಿ ಹೀಗಿದೆ: ವಿಂಡೋಸ್ ಎಕ್ಸ್‌ಪಿ (ಸರ್ವಿಸ್ ಪ್ಯಾಕ್ 2), ವಿಸ್ಟಾ ಅಥವಾ 7, 2 ಗಿಗಾಹರ್ಟ್ಸ್‌ನ ಇಂಟೆಲ್ ಅಥವಾ 2.8 ಗಿಗಾಹರ್ಟ್ಸ್‌ನ ಎಎಂಡಿ ಡ್ಯುಯಲ್ ಕೋರ್ ಪ್ರೊಸೆಸರ್. 2 ಜಿಬಿ ರ‍್ಯಾಮ್. ಎಟಿಐ ರೇಡಿಯಾನ್ ಎಕ್ಸ್1600 ಅಥವಾ ಎನ್ವಿಡಿಯಾ ಜಿಫೋರ್ಸ್ 7600 ಮಟ್ಟದ, 512 ಎಂಬಿ ಮೆಮೊರಿಯ ಗ್ರಾಫಿಕ್ಸ್. ಶೇಡರ್ ಮಾಡೆಲ್ 3.0 (ಬೆಳಕು-ನೆರಳು ಬಿಡಿಸುವ ಆಜ್ಞೆಗಳ ಮಟ್ಟ), ಡೈರೆಕ್ಟ್‌ಎಕ್ಸ್ 9.0ಸಿ (ಆಟಕ್ಕೂ ಗ್ರಾಫಿಕ್ಸ್ ಚಿಪ್ಪಿಗೂ ನಡುವಿನ ವಿಂಡೋಸ್ ತಂತ್ರಾಂಶ); ಡಿಸ್ಕ್‌ನಲ್ಲಿ 1 ಜಿಬಿ ಜಾಗ; ಪರದೆ ಕನಿಷ್ಠ 1280×720.

ಇದರಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಸಾಲುಗಳನ್ನು ಬಿಟ್ಟು ಮುಂದೆ ಹೋಗಿ. ಕಳೆದ ಹತ್ತು ವರ್ಷದಲ್ಲಿ ಕೊಂಡ ಯಂತ್ರ ಅವುಗಳನ್ನು ಆಗಲೇ ದಾಟಿರುತ್ತದೆ. ಕಣ್ಣಿಡಬೇಕಾದವು ನಾಲ್ಕು: ಶೇಡರ್ ಮಾಡೆಲ್, ಡೈರೆಕ್ಟ್‌ಎಕ್ಸ್ 9, ಪರದೆಯ ಅಳತೆ ಮತ್ತು ವಿಂಡೋಸ್ ಆವೃತ್ತಿ.

ವಿಂಡೋಸ್ ಸಾಲಿನಲ್ಲಿ ಒಂದು ಮೋಸವಿದೆ. ಆಟಕ್ಕೆ ಎಕ್ಸ್‌ಪಿ ಸಾಕು, ಆದರೆ ಆಟ ಮಾರುವ ಅಂಗಡಿಗೆ ಸಾಲದು. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ 2019ರ ಜನವರಿ 1ರಿಂದ ಎಕ್ಸ್‌ಪಿ ಮತ್ತು ವಿಸ್ಟಾಗಳನ್ನೂ, 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ನ್ನೂ ಕೈಬಿಟ್ಟಿದೆ. ಹಳೆಯ ವಿಂಡೋಸ್ 7 ಯಂತ್ರದಲ್ಲಿ ‘ಆಟ ಇನ್‌ಸ್ಟಾಲ್ ಆಗುತ್ತಿಲ್ಲ’ ಎಂಬ ದೂರು ಬಂದರೆ ಹಲವು ಸಲ ಆಟದ ತಪ್ಪೇನೂ ಇರುವುದಿಲ್ಲ, ಸ್ಟೀಮ್ ಕ್ಲೈಂಟೇ (ಆಟ ಇಳಿಸಿ ನಡೆಸುವ ಅದರ ತಂತ್ರಾಂಶ) ಏಳುತ್ತಿರುವುದಿಲ್ಲ. ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದರೆ ಕ್ಲೈಂಟ್ ಬೇಡದ ಇನ್‌ಸ್ಟಾಲರ್ ಸಿಗುತ್ತದೆ. ಅದನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದು ಪ್ರಯತ್ನಿಸಿ.

ಮೊದಲು ಯಾವ ಹಂತ ಎಂದು ಗುರುತಿಸಿ

ಡ್ರೈವರ್ (ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಬದಲಿಸುವುದು, ವಿಂಡೋಸ್ ಮತ್ತೆ ಹಾಕುವುದು ಇತ್ಯಾದಿಗಳಿಗೆ ಕೈಹಾಕುವ ಮೊದಲು ಆಟ ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡಿ. ಐಕಾನ್ ಒತ್ತಿದರೂ ಏನೂ ಆಗದಿದ್ದರೆ, ಅಥವಾ ಸಣ್ಣ ಸಂದೇಶ ಬಂದು ಮುಚ್ಚಿದರೆ, ಕಾರಣ ಲೈಬ್ರರಿ ಫೈಲ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಸಹಾಯಕ ಫೈಲ್) ಅಥವಾ ಡ್ರೈವರ್. ಪರದೆ ಕಪ್ಪಾಗಿ ಸದ್ದು ಮಾತ್ರ ಕೇಳಿದರೆ ಪರದೆಯ ಅಳತೆ ಅಥವಾ ಡಿಸ್‌ಪ್ಲೇ ಮೋಡ್. ಮೆನು ಬಂದು, ಆಟವನ್ನು ಸೇವ್ ಮಾಡುವಾಗ ಬಿದ್ದರೆ ಫೋಲ್ಡರ್ ಅಥವಾ ಅನುಮತಿ. ಆಟ ನಡೆಯುತ್ತದೆ ಆದರೆ ತಡವರಿಸುತ್ತದೆ ಎಂದಾದರೆ ಗ್ರಾಫಿಕ್ಸ್ ಹೊರೆ ಅಥವಾ ಬಿಸಿ. ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಬಿದ್ದರೆ ಬಿಸಿ, ವಿದ್ಯುತ್ ಅಥವಾ ಮೆಮೊರಿ. ಒಂದು ಹಂತದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಲೈಬ್ರರಿ ಇಲ್ಲದ ಯಂತ್ರದಲ್ಲಿ ನೆರಳಿನ ಗುಣಮಟ್ಟ ಇಳಿಸಿ ಏನು ಪ್ರಯೋಜನ?

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಆಟ ತೆರೆದು ನೋಡಿ, ಆಮೇಲೆ ಮುಂದಿನದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದೂ ತಿಳಿಯುವುದಿಲ್ಲ.

ಐಕಾನ್ ಒತ್ತಿದರೂ ಏನೂ ಆಗದಿದ್ದರೆ

ಇಲ್ಲಿ ಮೊದಲ ಶಂಕಿತ ಡಿ3ಡಿಎಕ್ಸ್9_43 ಎಂಬ ಡಿಎಲ್‌ಎಲ್ (ಲೈಬ್ರರಿ) ಫೈಲ್ ಮತ್ತು ಅದರ ಒಡಹುಟ್ಟುಗಳು. ವಿಂಡೋಸ್ 10 ಮತ್ತು 11ರಲ್ಲಿ ಡೈರೆಕ್ಟ್‌ಎಕ್ಸ್ 12 ಇದೆ, ಹಾಗಿದ್ದಮೇಲೆ 9 ಒಳಗೇ ಇದ್ದೇ ಇರುತ್ತದೆ ಎಂದು ಬಹಳ ಜನ ನಂಬುತ್ತಾರೆ. ಅದು ಅರ್ಧ ಸತ್ಯ. ಡೈರೆಕ್ಟ್3ಡಿ 9ರ ಮೂಲ ಭಾಗ ವಿಂಡೋಸ್ ಜೊತೆಗೇ ಬರುತ್ತದೆ. ಆದರೆ ಆ ಕಾಲದ ಆಟಗಳು ಬಳಸಿದ ಡಿ3ಡಿಎಕ್ಸ್ ಎಂಬ ಸಹಾಯಕ ಲೈಬ್ರರಿಗಳು ಬರುವುದಿಲ್ಲ. ಅವನ್ನು ಮೈಕ್ರೋಸಾಫ್ಟ್ ಬೇರೆಯಾಗಿಯೇ ಹಂಚುತ್ತಿತ್ತು, ಕೊನೆಯ ಕಂತು 2010ರ ಜೂನ್‌ನದು. ಡೈರೆಕ್ಟ್‌ಎಕ್ಸ್ 12 ಇದ್ದರೂ ಇದನ್ನು ಹಾಕಬಹುದು. ಹೊಸದನ್ನು ಇದು ಮುಟ್ಟುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ ಅಷ್ಟೇ.

ಮೈಕ್ರೋಸಾಫ್ಟ್‌ನ ತಾಣದಿಂದ ‘ಡೈರೆಕ್ಟ್‌ಎಕ್ಸ್ ಎಂಡ್-ಯೂಸರ್ ರನ್‌ಟೈಮ್ಸ್, ಜೂನ್ 2010’ ಇಳಿಸಿಕೊಳ್ಳಿ. ಅದನ್ನು ತೆರೆದಾಗ ಫೈಲುಗಳನ್ನು ಎಲ್ಲಿ ಬಿಚ್ಚಬೇಕು ಎಂದು ಕೇಳುತ್ತದೆ. ಒಂದು ಖಾಲಿ ಫೋಲ್ಡರ್ ಕೊಡಿ. ಇಷ್ಟಕ್ಕೇ ಕೆಲಸ ಮುಗಿಯಿತು ಎಂದು ಬಿಟ್ಟವರೇ ಹೆಚ್ಚು. ಬಿಚ್ಚಿದ ಫೋಲ್ಡರ್ ಒಳಗೆ ಹೋಗಿ ಡಿಎಕ್ಸ್‌ಸೆಟಪ್ ಎಂಬ ಪ್ರೋಗ್ರಾಂ ನಡೆಸಿದಾಗ ಮಾತ್ರ ಲೈಬ್ರರಿಗಳು ಜಾಗಕ್ಕೆ ಹೋಗುತ್ತವೆ.

‘ಡಿಎಲ್‌ಎಲ್ ಉಚಿತ’ ಎಂದು ಕರೆಯುವ ತಾಣಗಳಿಂದ ಒಂದೇ ಫೈಲ್ ತಂದು ಸಿಸ್ಟಮ್32 ಫೋಲ್ಡರ್‌ಗೆ ಹಾಕುವುದು ಬೇಡ. ವೈರಸ್ ಭಯ ಒಂದು ಕಡೆ. ಇನ್ನೊಂದು, ಗ್ರಿಮ್‌ರಾಕ್ 32-ಬಿಟ್ ಪ್ರೋಗ್ರಾಂ. 64-ಬಿಟ್ ವಿಂಡೋಸ್‌ನಲ್ಲಿ 32-ಬಿಟ್ ಲೈಬ್ರರಿಗಳ ಜಾಗ ಸಿಸ್‌ವಾವ್64, ಸಿಸ್ಟಮ್32 ಅಲ್ಲ. ಹೆಸರುಗಳು ಅದಲುಬದಲಾದಂತೆ ಕಂಡರೂ ವಿಂಡೋಸ್ ಇರುವುದೇ ಹಾಗೆ. ತಪ್ಪು ಬಿಟ್‌ನ ಫೈಲ್ ತಪ್ಪು ಜಾಗಕ್ಕೆ ಹೋದರೆ ‘0xಸಿ000007ಬಿ’ ಎಂಬ ಸಂಖ್ಯೆಯ ದೋಷ ಬರುತ್ತದೆ. ಈ ಸಂಖ್ಯೆ ಕಂಡರೆ ಯಾರೋ ಕೈಯಾರೆ ಡಿಎಲ್‌ಎಲ್ ತುರುಕಿದ್ದಾರೆ ಎಂದು ಮೊದಲು ಶಂಕಿಸಿ, ಅದನ್ನು ತೆಗೆದು ಮೇಲಿನ ಸೆಟಪ್ ನಡೆಸಿ.

ಸಂದೇಶವೇ ಬಾರದೆ ಮುಚ್ಚಿಕೊಂಡರೆ ವಿಂಡೋಸ್‌ನ ದೋಷ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಅಡಿಯ ಅಪ್ಲಿಕೇಶನ್ ಭಾಗದಲ್ಲಿ, ಆಟ ಬಿದ್ದ ಸಮಯಕ್ಕೆ ಸರಿಯಾಗಿ, ಸಂಖ್ಯೆ 1000ರ ದಾಖಲೆ ಇರಬೇಕು. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲೇ ಮುಖ್ಯ. ಎನ್‌ವಿ ಎಂದು ಶುರುವಾಗುವ ಹೆಸರಿದ್ದರೆ ಎನ್ವಿಡಿಯಾ ಡ್ರೈವರ್, ಎಟಿಐ ಎಂದು ಶುರುವಾದರೆ ಎಎಂಡಿ (ಎಟಿಐಯನ್ನು ಕೊಂಡ ಕಂಪನಿ), ಐಜಿ ಎಂದಾದರೆ ಇಂಟೆಲ್ ಎಂದು ಊಹಿಸಬಹುದು. ಗ್ರಿಮ್‌ರಾಕ್‌ನ ಹೆಸರೇ ಇದ್ದರೆ ಆಟದ ಫೈಲ್ ಕೆಟ್ಟಿರಬಹುದು. ಆಗ ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಎಂದು ಹೋಗಿ ಫೈಲುಗಳನ್ನು ತಾಳೆ ನೋಡಿಸಿ. ಪ್ರತಿ ಸಲವೂ ಒಂದೇ ಫೈಲ್ ಕಾಣೆಯಾಗುತ್ತಿದ್ದರೆ ಆಂಟಿವೈರಸ್‌ನ ಕ್ವಾರಂಟೈನ್ (ತಡೆಹಿಡಿದ ಫೈಲುಗಳ) ಪಟ್ಟಿ ನೋಡಿ.

ಗ್ರಾಫಿಕ್ಸ್ ಚಿಪ್ ಸಾಕಾಗುತ್ತದೆಯೇ

ಶೇಡರ್ ಮಾಡೆಲ್ 3.0 ಇಲ್ಲದಿದ್ದರೆ ಯಾವ ಸೆಟ್ಟಿಂಗ್ ಇಳಿಸಿದರೂ ಆಟ ಏಳುವುದಿಲ್ಲ. ಇದು ವೇಗದ ಮಾತಲ್ಲ. ಆಟ ಕೊಡುವ ಆಜ್ಞೆಗಳು ಆ ಚಿಪ್ಪಿಗೆ ಅರ್ಥವಾಗಬೇಕು. ಎನ್ವಿಡಿಯಾದಲ್ಲಿ ಜಿಫೋರ್ಸ್ 6 ಸರಣಿಯಿಂದ, ಎಟಿಐಯಲ್ಲಿ ರೇಡಿಯಾನ್ ಎಕ್ಸ್1000 ಸರಣಿಯಿಂದ ಇದು ಶುರು. ಸಿಕ್ಕಿಬೀಳುವುದು ಹಳೆಯ ಇಂಟೆಲ್ ಚಿಪ್ಪುಗಳು. ಮೊದಲ ತಲೆಮಾರಿನ ನೆಟ್‌ಬುಕ್‌ಗಳಲ್ಲಿದ್ದ ಜಿಎಂಎ 950 ಪಿಕ್ಸೆಲ್ ಶೇಡರ್ 2.0ರಲ್ಲೇ ನಿಂತಿದೆ, ವರ್ಟೆಕ್ಸ್ (ಆಕೃತಿಗಳ ಮೂಲೆಬಿಂದುಗಳ) ಲೆಕ್ಕವನ್ನಂತೂ ಪ್ರೊಸೆಸರ್ ತಲೆಗೇ ಕಟ್ಟುತ್ತದೆ. ಸಾಲದ್ದಕ್ಕೆ ಆ ನೆಟ್‌ಬುಕ್ಕುಗಳ ಪರದೆ 1024×600. ಎರಡೂ ಕಡೆ ಫೇಲು, ಅಲ್ಲಿಗೆ ಹುಡುಕಾಟ ನಿಲ್ಲಿಸಬಹುದು.

2011ರಲ್ಲಿ ಬಂದ ಇಂಟೆಲ್ ಎಚ್‌ಡಿ 3000 ಮತ್ತು ಆಮೇಲಿನವು ಶೇಡರ್ ಪರೀಕ್ಷೆಯಲ್ಲಿ ಪಾಸು. ಆದರೆ ಎಚ್‌ಡಿ 3000ಕ್ಕೆ ವಿಂಡೋಸ್ 10ಕ್ಕೆಂದೇ ಬರೆದ ಡ್ರೈವರ್ ಬರಲೇ ಇಲ್ಲ. ಹಳೆಯ 9.17 ಸಾಲಿನದೇ ವಿಂಡೋಸ್ ಅಪ್‌ಡೇಟ್ ಮೂಲಕ ಕೂರಬೇಕು. ಅದು ಕೂತಿದೆಯೇ ನೋಡಲು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಬಿಡಿಸಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಇಲ್ಲವೆಂದೇ ಅರ್ಥ. ಎಷ್ಟೇ ದುಬಾರಿ ಕಾರ್ಡ್ ಇದ್ದರೂ ಆ ಸ್ಥಿತಿಯಲ್ಲಿ ಡೈರೆಕ್ಟ್‌ಎಕ್ಸ್ 9 ಆಟ ನಡೆಯದು. ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ತಯಾರಕರ ತಾಣದಲ್ಲಿ ಆ ಮಾಡೆಲ್ ಹೆಸರಿನಡಿ ಸಿಗುವ ಡ್ರೈವರ್ ಹಾಕಿ, ಅದು ತೀರಾ ಹಳೆಯದಾದರೆ ಮಾತ್ರ ಚಿಪ್ ಕಂಪನಿಯದು.

ಎರಡು ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕು. ಇಂಟೆಲ್ ಅಥವಾ ಎಎಂಡಿಯ ಒಳಚಿಪ್ (ಪ್ರೊಸೆಸರ್ ಜೊತೆಗೇ ಇರುವ ಗ್ರಾಫಿಕ್ಸ್) ಬ್ಯಾಟರಿ ಉಳಿಸಲು, ಎನ್ವಿಡಿಯಾ ಅಥವಾ ರೇಡಿಯಾನ್ ಆಟಕ್ಕೆ. ಹಳೆಯ ಆಟವನ್ನು ವಿಂಡೋಸ್ ಒಳಚಿಪ್ಪಿಗೇ ಒಪ್ಪಿಸಿಬಿಡುವುದುಂಟು. ಆಟ ನಡೆಯುತ್ತಿರುವಾಗ ಆಲ್ಟ್-ಟ್ಯಾಬ್ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ‘ಜಿಪಿಯು ಎಂಜಿನ್’ ಕಾಲಂ ತೋರಿಸಿಕೊಂಡರೆ ಜಿಪಿಯು 0 ಅಥವಾ ಜಿಪಿಯು 1 ಎಂದು ಕಾಣುತ್ತದೆ. ಯಾವ ಸಂಖ್ಯೆ ಯಾವ ಚಿಪ್ಪು ಎಂಬುದು ಪರ್ಫಾರ್ಮೆನ್ಸ್ ಪುಟದಲ್ಲಿದೆ. ತಪ್ಪಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಗ್ರಿಮ್‌ರಾಕ್‌ನ ಇಎಕ್ಸ್‌ಇ ಫೈಲ್ (ಆಟವನ್ನು ತೆರೆಯುವ ಫೈಲ್) ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಅದಕ್ಕೂ ಬಗ್ಗದಿದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಸೆಟ್ಟಿಂಗ್ಸ್‌ನಲ್ಲಿಯೂ ಅದನ್ನೇ ಮಾಡಿ. ಆರಿಸಬೇಕಾದ್ದು ಆಟದ ಇಎಕ್ಸ್‌ಇಯನ್ನು. ಸ್ಟೀಮ್‌ನ ಇಎಕ್ಸ್‌ಇ ಆರಿಸಿಟ್ಟು ‘ಏನೂ ಆಗಲಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ.

ಸೇವ್ ಆಗುವುದಿಲ್ಲ, ಸೆಟ್ಟಿಂಗ್ ಉಳಿಯುವುದಿಲ್ಲ

ಆಟ ತನ್ನ ಸೇವ್ ಫೈಲುಗಳನ್ನೂ ಗ್ರಿಮ್‌ರಾಕ್.ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲನ್ನೂ ಇನ್‌ಸ್ಟಾಲ್ ಆದ ಜಾಗದಲ್ಲಿ ಇಡುವುದಿಲ್ಲ. ಬಳಕೆದಾರರ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ ಆಲ್ಮೋಸ್ಟ್ ಹ್ಯೂಮನ್, ಅದರೊಳಗೆ ಲೆಜೆಂಡ್ ಆಫ್ ಗ್ರಿಮ್‌ರಾಕ್ ಎಂಬ ಫೋಲ್ಡರ್ ಮಾಡಿಕೊಂಡು ಅಲ್ಲಿ ಇಡುತ್ತದೆ. 2012ರಲ್ಲಿ ಡಾಕ್ಯುಮೆಂಟ್ಸ್ ಎಂದರೆ ಸಿ ಡ್ರೈವ್‌ನಲ್ಲಿ ಬಳಕೆದಾರರ ಹೆಸರಿನ ಕೆಳಗಿದ್ದ ಸಾದಾ ಫೋಲ್ಡರ್. ಈಗ ಹಾಗಿಲ್ಲ. ಈ ಬದಲಾವಣೆಯಿಂದ ಹುಟ್ಟುವ ದೋಷಗಳು ಬೇರೆಬೇರೆ, ಹೊರಗೆ ಕಾಣುವ ಲಕ್ಷಣ ಮಾತ್ರ ಒಂದೇ.

ಮೊದಲನೆಯದು ವಿಂಡೋಸ್ 10ರ 1709 ಆವೃತ್ತಿಯಿಂದ ಬಂದ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್‌ಗಳಿಂದ ಡಾಕ್ಯುಮೆಂಟ್ಸ್ ಕಾಯುವುದು ಅದರ ಕೆಲಸ. ಪರಿಚಯವಿಲ್ಲದ ಪ್ರೋಗ್ರಾಂ ಅಲ್ಲಿ ಬರೆಯಹೋದರೆ ತಡೆಯುತ್ತದೆ. ತಾನಾಗಿ ಆನ್ ಆಗಿರುವುದಿಲ್ಲ, ಆದರೆ ಆಫೀಸಿನ ಲ್ಯಾಪ್‌ಟಾಪ್‌ಗಳಲ್ಲಿ ಆನ್ ಇರುವುದು ಹೊಸತೇನಲ್ಲ. ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಗ್ರಿಮ್‌ರಾಕ್ ಹೆಸರು ಇದೆಯೇ ನೋಡಿ, ಇದ್ದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಿ. ಇಡೀ ಕಾವಲನ್ನೇ ತೆಗೆದುಹಾಕಬೇಡಿ.

ಎರಡನೆಯದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್. ವಿಂಡೋಸ್ ಸಿದ್ಧಪಡಿಸುವಾಗ ‘ಬ್ಯಾಕಪ್’ಗೆ ಹೂಂ ಎಂದಿದ್ದರೆ ಡಾಕ್ಯುಮೆಂಟ್ಸ್ ಇಡಿಯಾಗಿ ಒನ್‌ಡ್ರೈವ್ ಫೋಲ್ಡರ್‌ಗೆ ಸಾಗಿರುತ್ತದೆ. ಜಾಗ ಉಳಿಸಲೆಂದು ಅದು ಹಳೆಯ ಸೇವ್ ಫೈಲನ್ನು ಆನ್‌ಲೈನ್ ಸಂಗ್ರಹಕ್ಕೆ ಕಳಿಸಿ ಇಲ್ಲಿ ಬರೀ ಹೆಸರನ್ನು ಬಿಟ್ಟಿದ್ದರೆ, ನೆಟ್ ಇಲ್ಲದಾಗ ಆ ಸೇವ್ ತೆರೆಯುವುದಿಲ್ಲ. ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿದರೆ ಸಾಕು.

ಮೂರನೆಯದು ನಮ್ಮವರಿಗೇ ಹೆಚ್ಚು ಕಾಡುವಂಥದ್ದು: ಬಳಕೆದಾರರ ಫೋಲ್ಡರ್‌ನ ಹೆಸರು ಕನ್ನಡದಲ್ಲಿರುವುದು. ವಿಂಡೋಸ್‌ನಲ್ಲಿ ಅಕ್ಷರಗಳನ್ನು ಪ್ರೋಗ್ರಾಂಗಳಿಗೆ ದಾಟಿಸಲು ಎರಡು ದಾರಿಗಳಿವೆ, ಹಳೆಯ ಕೋಡ್‌ಪೇಜ್ ದಾರಿ (ಬೇರೆಬೇರೆ ಲಿಪಿಗೆ ಬೇರೆಬೇರೆ ಅಕ್ಷರಪಟ್ಟಿ) ಮತ್ತು ಯೂನಿಕೋಡ್ ದಾರಿ (ಎಲ್ಲಕ್ಕೂ ಒಂದೇ ಪಟ್ಟಿ). ರಷ್ಯನ್, ಗ್ರೀಕ್, ಥಾಯ್ ಭಾಷೆಗಳಿಗೆ ಹಳೆಯ ಕೋಡ್‌ಪೇಜ್‌ಗಳಿವೆ. ಕನ್ನಡಕ್ಕೆ, ಹಿಂದಿ ತಮಿಳು ತೆಲುಗುಗಳಿಗೂ, ಅಂಥದ್ದು ಇಲ್ಲ. ವಿಂಡೋಸ್‌ನಲ್ಲಿ ಇವು ಯೂನಿಕೋಡ್ ಮೂಲಕವೇ ಬಂದವು. ಹಾಗಾಗಿ ಯಾವುದಾದರೂ ಪ್ರೋಗ್ರಾಂ ಅಥವಾ ಅದರೊಳಗಿನ ಒಂದು ಲೈಬ್ರರಿ ಹಳೆಯ ದಾರಿಯಲ್ಲಿ ಫೋಲ್ಡರ್ ಹೆಸರು ಕೇಳಿದರೆ ‘ಸುಮಾ’ ಎಂಬಂಥ ಫೋಲ್ಡರ್ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಿಗುತ್ತವೆ. ಅಂಥ ಫೋಲ್ಡರ್ ಎಲ್ಲಿಯೂ ಇಲ್ಲ. ಇದು ಆ ಕಾಲದ ಯಾವ ಆಟದಲ್ಲಾದರೂ ಎದುರಾಗಬಹುದು.

ಪರೀಕ್ಷೆ ಸುಲಭ. ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಹೊಸ ಲೋಕಲ್ ಅಕೌಂಟ್ ಮಾಡಿ, ಅದರಿಂದ ಒಳಬಂದು ಆಟ ತೆರೆಯಿರಿ. ಅಲ್ಲಿ ಸೇವ್ ಆದರೆ ರೋಗ ಸಿಕ್ಕಿತು. ಅಕೌಂಟ್‌ನ ಹೆಸರನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಪ್ರಯೋಜನವಿಲ್ಲ. ಬದಲಾಗುವುದು ತೋರಿಕೆಯ ಹೆಸರು, ಯೂಸರ್ಸ್ ಅಡಿಯ ಫೋಲ್ಡರ್ ಮೊದಲಿನಂತೆಯೇ ಇರುತ್ತದೆ. ಹೊಸ ಅಕೌಂಟ್ ಬೇಡವೆಂದರೆ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಪುಟಕ್ಕೆ ಹೋಗಿ ಡಿ ಡ್ರೈವ್‌ನಲ್ಲಿ ಇಂಗ್ಲಿಷ್ ಹೆಸರಿನ ಫೋಲ್ಡರ್ ತೋರಿಸಿ. ಆಟ ಇನ್‌ಸ್ಟಾಲ್ ಮಾಡಿದ ಜಾಗಕ್ಕೂ ಇದೇ ನಿಯಮ: ‘ಆಟಗಳು’ ಎಂಬ ಕನ್ನಡ ಹೆಸರಿನ ಫೋಲ್ಡರ್ ನೋಡಲು ಚೆಂದ, ಹಳೆಯ ಆಟಕ್ಕೆ ಕಂಟಕ. ವಿಂಡೋಸ್‌ನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿಕೊಂಡಿದ್ದರೆ ಹೆದರಬೇಕಿಲ್ಲ. ಆಗ ಡಾಕ್ಯುಮೆಂಟ್ಸ್ ಕನ್ನಡದಲ್ಲಿ ಕಂಡರೂ ಡಿಸ್ಕ್‌ನಲ್ಲಿರುವ ನಿಜವಾದ ಹೆಸರು ಇಂಗ್ಲಿಷ್‌ನದೇ.

ಇದೇ ಸಾಲಿನಲ್ಲಿ ಇನ್ನೊಂದು. ಕನ್ನಡ ಸರಿಯಾಗಿ ಮೂಡಲೆಂದು ರೀಜನ್ ಸೆಟ್ಟಿಂಗ್‌ನಲ್ಲಿ ‘ಬೀಟಾ: ಯೂನಿಕೋಡ್ ಯುಟಿಎಫ್-8’ ಎಂಬ ಚೌಕಕ್ಕೆ ಟಿಕ್ ಹಾಕಿಕೊಂಡವರಿದ್ದಾರೆ. ಅದು ಇಡೀ ವಿಂಡೋಸ್‌ನ ಕೋಡ್‌ಪೇಜನ್ನು ಬದಲಿಸುತ್ತದೆ. ಕೆಲವು ಹಳೆಯ ಪ್ರೋಗ್ರಾಂಗಳು ಇದರಿಂದ ಸರಿಹೋಗುತ್ತವೆ, ಕೆಲವು ಹದಗೆಡುತ್ತವೆ. ದೋಷ ಹುಡುಕುವಾಗ ಅದನ್ನು ಇದ್ದ ಸ್ಥಿತಿಯಿಂದ ತಿರುಗಿಸಿ, ಯಂತ್ರ ರೀಸ್ಟಾರ್ಟ್ ಮಾಡಿ ನೋಡಬೇಕು.

ಕೀಲಿಗಳ ವಿಷಯವೂ ಇಲ್ಲೇ ಹೇಳಿಬಿಡಬಹುದು. ನಡಿಗೆಗೆ ಡಬ್ಲ್ಯೂ, ಎ, ಎಸ್, ಡಿ, ತಿರುಗಲು ಕ್ಯೂ ಮತ್ತು ಇ. ನುಡಿ, ಬರಹದಂತಹ ತಂತ್ರಾಂಶ ಹಿನ್ನೆಲೆಯಲ್ಲಿ ಕನ್ನಡ ಮೋಡ್‌ನಲ್ಲಿದ್ದರೆ ಕೀಲಿ ಒತ್ತಿದ್ದು ಆಟಕ್ಕೆ ತಲುಪುವ ಮೊದಲೇ ಅದರ ಕೈಗೆ ಸಿಕ್ಕಿರುತ್ತದೆ. ಮೌಸ್ ಕೆಲಸ ಮಾಡುತ್ತದೆ, ಕೀಲಿಗಳು ಮಾತ್ರ ಇಲ್ಲ ಎಂದಾದರೆ ಅದನ್ನು ಪೂರ್ತಿ ಮುಚ್ಚಿ ನೋಡಿ. ಶಿಫ್ಟ್ ಐದು ಸಲ ಒತ್ತಿ ಸ್ಟಿಕಿ ಕೀಸ್ ಆನ್ ಆಗಿದ್ದರೂ ಇದೇ ಗೋಳು.

ಪರದೆ ಕಪ್ಪು, ಇಲ್ಲವೇ ಚಿತ್ರ ಹೊರಗೆ ಚೆಲ್ಲಿದೆ

ವಿಂಡೋಸ್‌ನ ಡಿಸ್‌ಪ್ಲೇ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್) ಇಲ್ಲಿ ಮೊದಲ ಕಾರಣ. 1366×768 ಪರದೆಯ ಲ್ಯಾಪ್‌ಟಾಪ್‌ನಲ್ಲಿ 125 ಶೇಕಡಾ ಸ್ಕೇಲ್ ಇಟ್ಟಿದ್ದರೆ, ಸ್ಕೇಲಿಂಗ್ ಅರಿಯದ ಹಳೆಯ ಪ್ರೋಗ್ರಾಂಗೆ ಪರದೆ ಸುಮಾರು 1093×614 ಎಂದು ತೋರುತ್ತದೆ. ಆಟ ಕೇಳುವ 1280×720ಕ್ಕಿಂತ ಇದು ಚಿಕ್ಕದು. 1920×1080 ಪರದೆಗೆ 150 ಶೇಕಡಾ ಇಟ್ಟರೆ ಲೆಕ್ಕ ಕರಾರುವಾಕ್ಕಾಗಿ 1280×720ಕ್ಕೆ ಬಂದು ನಿಲ್ಲುತ್ತದೆ. ‘ಫುಲ್ ಎಚ್‌ಡಿ ಪರದೆ ಇದ್ದರೂ ಚಿತ್ರ ಮಸುಕು’ ಎಂಬ ದೂರಿನ ಮೂಲ ಹಲವು ಸಲ ಇದೇ. ಆಟದ ಇಎಕ್ಸ್‌ಇ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗಿನ ಓವರ್‌ರೈಡ್ ಚೌಕಕ್ಕೆ ಟಿಕ್ ಹಾಕಿ ‘ಅಪ್ಲಿಕೇಶನ್’ ಆರಿಸಿ.

ಟಿವಿಗೆ ಜೋಡಿಸಿ ಆಡಿ, ಆಮೇಲೆ ಲ್ಯಾಪ್‌ಟಾಪ್ ಪರದೆಗೆ ಮರಳಿದಾಗ ಕಪ್ಪಾದರೆ ಸಿಎಫ್‌ಜಿ ಫೈಲ್‌ನಲ್ಲಿ ಹಳೆಯ ಅಳತೆ ಉಳಿದಿರುತ್ತದೆ. ಅದನ್ನು ಅಳಿಸಬೇಡಿ, ಹೆಸರು ಬದಲಿಸಿ. ಆಟ ಮತ್ತೆ ತೆರೆದಾಗ ಹೊಸದನ್ನು ಬರೆದುಕೊಳ್ಳುತ್ತದೆ. ಸೇವ್ ಫೈಲುಗಳಿಗೆ ಇದರಿಂದ ಧಕ್ಕೆಯಿಲ್ಲ. ಆಟದ ನಡುವೆ ಪರದೆ ಕಪ್ಪಾಗಿ ಸದ್ದು ಮುಂದುವರಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಅದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ.

ಸುತ್ತಲೂ ಕತ್ತಲು, ಆದರೆ ಕೆಳಗೆ ಪಾತ್ರಗಳ ಮುಖ ಮತ್ತು ಆಯುಧಗಳು ಸರಿಯಾಗಿ ಕಾಣುತ್ತಿವೆ ಎಂದರೆ ದೋಷವೇ ಇಲ್ಲ. ನಿಮ್ಮ ಕೈಯ ಪಂಜು ಉರಿದು ಮುಗಿದಿದೆ, ಗೋಡೆಯಿಂದ ಇನ್ನೊಂದು ಕಿತ್ತುಕೊಳ್ಳಿ. ನಕ್ಷೆ ತೆರೆಯದಿದ್ದರೆ ಆಟ ಶುರುಮಾಡುವಾಗ ‘ಓಲ್ಡ್‌ಸ್ಕೂಲ್’ ಮೋಡ್ ಆರಿಸಿರಬಹುದು. ಅದರಲ್ಲಿ ನಕ್ಷೆ ಇರುವುದಿಲ್ಲ, ಚೌಕಳಿ ಹಾಳೆಯಲ್ಲಿ ಕೈಯಾರೆ ಬರೆದುಕೊಳ್ಳಬೇಕು. ಪಾತ್ರಗಳ ಮೇಲೆ ಹೊರೆ ಹೆಚ್ಚಾಗಿ ನಡಿಗೆ ನಿಧಾನವಾದದ್ದನ್ನೂ ಕಂಪ್ಯೂಟರಿನ ತಲೆಗೆ ಕಟ್ಟುವವರಿದ್ದಾರೆ.

ತಡವರಿಕೆ

ಇಲ್ಲಿ ಒಂದು ಅಳತೆಯ ಪರೀಕ್ಷೆ ಇದೆ. 1920×1080 ಎಂದರೆ 20,73,600 ಚುಕ್ಕೆಗಳು, 1280×720 ಎಂದರೆ 9,21,600. ಎರಡೂಕಾಲು ಪಟ್ಟು ವ್ಯತ್ಯಾಸ. ಬೇರೇನನ್ನೂ ಮುಟ್ಟದೆ ರೆಸಲ್ಯೂಷನ್ ಮಾತ್ರ ಇಳಿಸಿ, ಹಲವು ಪಂಜುಗಳಿರುವ ಅದೇ ಜಾಗದಲ್ಲಿ ನಿಂತು ನೋಡಿ. ವೇಗ ಎದ್ದು ಕಾಣುವಂತೆ ಹೆಚ್ಚಿದರೆ ಗ್ರಾಫಿಕ್ಸ್ ಚಿಪ್ ಹೊರೆ ತಾಳಲಾರದೆ ಇತ್ತು. ಏನೂ ಬದಲಾಗದಿದ್ದರೆ ಚಿಪ್ಪನ್ನು ಬೈಯಬೇಡಿ. ಪ್ರೊಸೆಸರ್, ಡ್ರೈವರ್ ಅಥವಾ ಹಿನ್ನೆಲೆಯ ಕೆಲಸಗಳ ಕಡೆ ಹೋಗಿ.

ಚಿಪ್ಪೇ ಕಾರಣವಾದರೆ ರೆಸಲ್ಯೂಷನ್ ಹಿಂದಿನಂತೆ ಇಟ್ಟು ಮೊದಲು ಎಸ್‌ಎಸ್‌ಎಒ ಆಫ್ ಮಾಡಿ. ಮೂಲೆಗಳ ಕಪ್ಪು ಛಾಯೆ ಬಿಡಿಸುವ ಇದು ಪ್ರತಿ ಚುಕ್ಕೆಗೂ ಅದರ ಸುತ್ತಲಿನ ಹಲವು ಚುಕ್ಕೆಗಳನ್ನು ಓದಿಸುತ್ತದೆ, ಒಳಚಿಪ್ಪುಗಳಿಗೆ ಇದೇ ಅತಿ ಭಾರ. ಆಮೇಲೆ ನೆರಳಿನ ಗುಣಮಟ್ಟ: ನೆರಳು ಬೀಳಿಸುವ ಪ್ರತಿ ದೀಪದ ಕಡೆಯಿಂದಲೂ ಕೋಣೆಯನ್ನು ಇನ್ನೊಮ್ಮೆ ಬಿಡಿಸಬೇಕಾಗುತ್ತದೆ. ಟೆಕ್ಸ್ಚರ್ (ಗೋಡೆ, ನೆಲಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸಿದರೆ ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಗ್ರಾಫಿಕ್ಸ್ ಮೆಮೊರಿ 512 ಎಂಬಿಗಿಂತ ಕಡಿಮೆ ಇದ್ದು, ಹೊಸ ಕೋಣೆಗೆ ಕಾಲಿಟ್ಟಾಗ ಮಾತ್ರ ಗಕ್ಕನೆ ನಿಲ್ಲುತ್ತಿದ್ದರೆ ಅದನ್ನು ಇಳಿಸಿ.

ಒಳಚಿಪ್ ಇರುವ ಯಂತ್ರದಲ್ಲಿ ರ‍್ಯಾಮ್ ಎಷ್ಟು ಎನ್ನುವಷ್ಟೇ ಹೇಗೆ ಕೂತಿದೆ ಎಂಬುದೂ ಮುಖ್ಯ. 8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿಗಳು ಮೇಲು. ಒಳಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ, ಎರಡು ಚಾನೆಲ್ ಸಿಕ್ಕಾಗ ಅದರ ದಾರಿ ಇಮ್ಮಡಿ ಅಗಲವಾಗುತ್ತದೆ.

ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಮಾತ್ರ ತಡವರಿಸಿದರೆ ಪವರ್ ಮೋಡ್. ಮೊದಲ ಹತ್ತು ನಿಮಿಷ ಸಲೀಸು, ಆಮೇಲೆ ನಿಧಾನ ಎಂದಾದರೆ ಬಿಸಿ. ಫ್ಯಾನಿನ ದೂಳು ಊದಿ, ಹಾಸಿಗೆಯ ಮೇಲಿಟ್ಟು ಆಡುವುದನ್ನು ಬಿಡಿ. ಚಿತ್ರ ಬಿಡಿಸುವ ವೇಗವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆನ್ ಮಾಡಿದರೂ ಬಿಸಿ ತಗ್ಗುತ್ತದೆ. ಅದು ಆಫ್ ಇದ್ದಾಗ 60 ಹರ್ಟ್ಸ್ ಪರದೆಗಾಗಿ ಚಿಪ್ ಅದರ ಎರಡು ಪಟ್ಟು ಚಿತ್ರ ಬಿಡಿಸುತ್ತಾ ಸುಮ್ಮನೆ ಬೇಯುತ್ತಿರುತ್ತದೆ.

ನಡುವೆ ಬೀಳುವುದು

ಆಟ ತಾನೇ ‘ಸಾಫ್ಟ್‌ವೇರ್ ಫೇಲ್ಯೂರ್’ ಎಂಬ ತಲೆಬರಹದ ಉದ್ದ ಸಂದೇಶ ಕೊಟ್ಟು ನಿಂತರೆ ಅದೃಷ್ಟ, ಉತ್ತರ ಅದರಲ್ಲೇ ಇರುತ್ತದೆ. ಮೊದಲ ಸಾಲಿನಲ್ಲಿ ಮಾಡ್_ಅಸೆಟ್ಸ್ ಎಂಬ ಫೋಲ್ಡರ್ ಹೆಸರಿದ್ದರೆ ತಪ್ಪು ಯಾರೋ ಅಭಿಮಾನಿ ಕಟ್ಟಿದ ಹೆಚ್ಚುವರಿ ಡಂಜನ್‌ನದು, ಎಂದರೆ ಹೊಸ ಕತ್ತಲ ಕೋಣೆಗಳ ಜಾಲದ್ದು. ಮೂಲ ಆಟವನ್ನು ತೆರೆದು ಅದು ಸರಿ ಇದೆಯೇ ನೋಡಿ, ಆ ಡಂಜನ್ ಮತ್ತೆ ಇಳಿಸಿಕೊಳ್ಳಿ. ಡಂಜನ್ ಹೊಸ ಆವೃತ್ತಿಗೆ ಬದಲಾದರೆ ಹಳೆಯ ಸೇವ್ ಹೊಂದದೆ ಹೋಗಬಹುದು. ಸಂದೇಶದ ಕೆಳಭಾಗದಲ್ಲಿ ಒಟ್ಟು ಮೆಮೊರಿ 2047 ಎಂಬಿ ಎಂದಿದ್ದರೆ ‘ನನ್ನ 16 ಜಿಬಿ ಎಲ್ಲಿ ಹೋಯಿತು’ ಎಂದು ಗಾಬರಿ ಬೇಡ. 32-ಬಿಟ್ ಪ್ರೋಗ್ರಾಂ ಹಳೆಯ ವಿಧಾನದಲ್ಲಿ ಕೇಳಿದಾಗ ವಿಂಡೋಸ್ ಹೇಳುವ ಗರಿಷ್ಠ ಅಷ್ಟೇ. ಅಂಥ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವುದೂ 2 ಜಿಬಿ ವಿಳಾಸಗಳೇ. ದೊಡ್ಡ ಟೆಕ್ಸ್ಚರ್‌ಗಳಿರುವ ಹೆಚ್ಚುವರಿ ಡಂಜನ್ ಈ ಮಿತಿಗೆ ತಾಗಿ ಬಿದ್ದರೆ ಹೊಸ ರ‍್ಯಾಮ್ ಕೊಂಡು ಪ್ರಯೋಜನವಿಲ್ಲ, ಟೆಕ್ಸ್ಚರ್ ಗುಣಮಟ್ಟ ಇಳಿಸಬೇಕು.

ಸಂದೇಶವಿಲ್ಲದಿದ್ದರೆ ಮತ್ತೆ ಈವೆಂಟ್ ವ್ಯೂವರ್, ಈ ಸಲ ಸಿಸ್ಟಮ್ ಭಾಗ. ಸಂಖ್ಯೆ 4101 ಇದ್ದರೆ ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರ ಕೊಡಲಿಲ್ಲವೆಂದು ವಿಂಡೋಸ್ ಡ್ರೈವರನ್ನು ಮತ್ತೆ ಶುರುಮಾಡಿದೆ. ಕಾರ್ಡ್‌ನ ವೇಗವನ್ನು ಕೈಯಾರೆ ಏರಿಸಿದ್ದರೆ ಇಳಿಸಿ, ಬಿಸಿ ನೋಡಿ, ಡ್ರೈವರ್ ಒಂದು ಆವೃತ್ತಿ ಹಿಂದಕ್ಕೆ ಒಯ್ಯಿರಿ. ಈ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕೋಶ) 10ಕ್ಕೆ ಏರಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಪರದೆ ಇನ್ನಷ್ಟು ಹೊತ್ತು ಹೆಪ್ಪುಗಟ್ಟುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಸಂಖ್ಯೆ 41 ಇದ್ದರೆ ಇಡೀ ಯಂತ್ರವೇ ಹಠಾತ್ತನೆ ಆರಿದೆ. ಡೆಸ್ಕ್‌ಟಾಪ್ ಆಗಿದ್ದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ವಿದ್ಯುತ್ ಪೆಟ್ಟಿಗೆ), ಯುಪಿಎಸ್ ಬ್ಯಾಟರಿ, ಗ್ರಾಫಿಕ್ಸ್ ಕಾರ್ಡ್‌ನ ಪವರ್ ತಂತಿ ಈ ಕ್ರಮದಲ್ಲಿ ನೋಡಿ. ಬೇರೆ ಪ್ರೋಗ್ರಾಂಗಳೂ ಆಗಾಗ ಬೀಳುತ್ತಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ನಡೆಸಿ. ದೋಷ ತೋರಿಸಿದರೆ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಹಾಕಿ ಯಾವುದು ಕೆಟ್ಟದ್ದು ಎಂದು ಹಿಡಿಯಬೇಕು.

ಮ್ಯಾಕ್‌ಗೂ ಲಿನಕ್ಸ್‌ಗೂ ಈ ಆಟ 2012ರ ಡಿಸೆಂಬರ್‌ನಲ್ಲಿ ಬಂತು. ಮ್ಯಾಕ್‌ನಲ್ಲಿ ಮೊದಲು ನೋಡಬೇಕಾದ್ದು ಮ್ಯಾಕ್‌ಒಎಸ್ ಆವೃತ್ತಿ. 10.15 ಕ್ಯಾಟಲಿನಾದಿಂದ ಈಚೆಗೆ 32-ಬಿಟ್ ಪ್ರೋಗ್ರಾಂಗಳು ತೆರೆಯುವುದೇ ಇಲ್ಲ. ನಿಮ್ಮಲ್ಲಿರುವ ಆಟದ ಪ್ರತಿಯು 32-ಬಿಟ್‌ನದೇ ಎಂದು 10.14 ಅಥವಾ ಹಿಂದಿನ ಮ್ಯಾಕ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಅಪ್ಲಿಕೇಶನ್ಸ್ ಪಟ್ಟಿ ತೆರೆದರೆ ಗೊತ್ತಾಗುತ್ತದೆ. ಹೌದಾದರೆ ಸೆಟ್ಟಿಂಗ್ ತಿರುವಿ ಉಪಯೋಗವಿಲ್ಲ. ಲಿನಕ್ಸ್‌ನಲ್ಲಿ ಆಟದ ಮೂಲ ಲಿನಕ್ಸ್ ಪ್ರತಿಯು ಹೊಸ ಡಿಸ್ಟ್ರೊಗಳಲ್ಲಿ (ಲಿನಕ್ಸ್‌ನ ಬಗೆಗಳಲ್ಲಿ) ಮೊಂಡಾಟ ಮಾಡಿದರೆ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಎಂದು ಹೋಗಿ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ) ಆರಿಸಿ, ವಿಂಡೋಸ್ ಪ್ರತಿಯನ್ನೇ ನಡೆಸಿ ನೋಡಿ. ಅದಕ್ಕೂ ಮೊದಲು ಸೇವ್ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಡಿ, ಏಕೆಂದರೆ ಪ್ರೋಟಾನ್ ತನ್ನದೇ ಬೇರೆ ಡಾಕ್ಯುಮೆಂಟ್ಸ್ ಫೋಲ್ಡರ್ ಮಾಡಿಕೊಳ್ಳುತ್ತದೆ. ಹಳೆಯ ಸೇವ್‌ಗಳು ಅಲ್ಲಿ ತಾವಾಗಿ ಕಾಣಿಸುವುದಿಲ್ಲ.